ಕಾಯಿಗೂ ಕೆನ್ನೆಗೂ ಒಂದೇ ಕತ್ತಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಾನು ತೆಂಗಿನಕಾಯಿಗೆ ಶೇವಿಂಗ್ ಮಾಡಿದೆ.

ಮಾತಿಗೆ ಹೇಳುತ್ತಿಲ್ಲ. ಬಿಸಿನೀರು, ಕ್ರೀಮು, ಬ್ರಷ್ಷು, ಹೆಗಲ ಮೇಲೆ ಟವೆಲ್ಲು, ಎಲ್ಲ ಇತ್ತು. (ನನ್ನ ಹೆಗಲ ಮೇಲೆ. ಕಾಯಿಗೆ ಹೆಗಲಿಲ್ಲ.) ಸ್ಟೀಲ್ ಚೊಂಬಿನ ಬಾಯಿಯ ಮೇಲೆ ಕಾಯಿಯನ್ನು ಕೂರಿಸಿ, ಚೆನ್ನಾಗಿ ನೊರೆ ಬರಿಸಿ, ಮಡಚುವ ಕತ್ತಿ ಬಿಚ್ಚಿ, ಮೇಲಿನಿಂದ ಕೆಳಕ್ಕೆ ಎಳೆದೆ. ಕಾಯಿ ತುಟಿ ಪಿಟಕ್ ಎನ್ನಲಿಲ್ಲ.

ನಮ್ಮ ತಿಪಟೂರಿನಲ್ಲಿ ಕಾಯಿಗೆ ಏನು ಬೇಕಾದರೂ ಮಾಡುತ್ತಾರೆ. ಸುಲಿಯುತ್ತಾರೆ, ಒಡೆಯುತ್ತಾರೆ, ತುರಿಯುತ್ತಾರೆ, ಅಟ್ಟದ ಮೇಲೆ ತಿಂಗಳುಗಟ್ಟಲೆ ಮಲಗಿಸಿ ಕೊಬ್ಬರಿ ಮಾಡುತ್ತಾರೆ. ಆದರೆ ಶೇವಿಂಗ್? ಈ ಸೀಮೆಯಲ್ಲಿ ಆ ಕೆಲಸಕ್ಕೆ ಕೈ ಹಾಕಿದವನು ನಾನೇ ಮೊದಲಿಗನಿರಬೇಕು. ಕೊನೆಯವನೂ ನಾನೇ ಎಂದು ನನ್ನ ಹೆಂಡತಿ ಸರೋಜ ತೀರ್ಮಾನಿಸಿದ್ದಾಳೆ.

ಶುರುವಾದದ್ದು ಅರಳಗುಪ್ಪೆಯಲ್ಲಿ, ನನ್ನ ಅತ್ತೆಯ ಮನೆಯಲ್ಲಿ. ಸರೋಜಳ ತಂಗಿ ಲತಾಗೆ ಕಂದಿಕೆರೆಯ ಗಂಡು ಗೊತ್ತಾಗಿತ್ತು. ವೀಳ್ಯದ ಶಾಸ್ತ್ರಕ್ಕೆ ಬೆಳ್ಳಿ ತಟ್ಟೆ ಬೇಕು ಅಂತ ಅತ್ತೆ ನಮ್ಮ ಮಾವನ ಕಾಲದ ಟ್ರಂಕು ತೆಗೆಸಿದರು. ತಟ್ಟೆ ಸಿಕ್ಕಿತು. ತಟ್ಟೆಯ ಅಡಿಯಲ್ಲಿ ಮಾಸಿದ ಮಖಮಲ್ ಬಟ್ಟೆ. ಬಟ್ಟೆಯೊಳಗೆ ಹಳೇ ಕಾಲದ ಕ್ಷೌರದ ಕತ್ತಿ.

(ಅದು ಮಖಮಲ್ ಬಟ್ಟೆಯೋ ಹಳೇ ಬನಿಯನ್ನೋ? ಬರೆಯಲು ಕೂತರೆ ಮಖಮಲ್ ಅಂತಲೇ ಬರುತ್ತದೆ. ನೆನಪಿಗೆ ಬನಿಯನ್ ಕಂಡರೆ ಆಗುವುದಿಲ್ಲ.)

ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನನ್ನ ಮದುವೆಗೆ ಮೊದಲೇ ಹೋಗಿಬಿಟ್ಟಿದ್ದರು. ನಾನು ಅವರನ್ನು ನೋಡಿದ್ದು ನಮ್ಮ ಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಫೋಟೋದಲ್ಲಿ ಕೆನ್ನೆ ಮಾತ್ರ ಕನ್ನಡಿಯಂತಿದೆ.

ಕತ್ತಿ ಕಂಡದ್ದೇ ಅತ್ತೆಗೆ ಕತೆ ಬಂತು. ಮಾವ ಓಡುವ ರೈಲಿನಲ್ಲಿ, ಕನ್ನಡಿಯೂ ಇಲ್ಲದೆ, ಇದೇ ಕತ್ತಿಯಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದರಂತೆ. ಅರಸೀಕೆರೆ ಬಿಡುವಾಗ ಸೋಪು ಹಚ್ಚಿದರೆ ತಿಪಟೂರು ಬರುವಷ್ಟರಲ್ಲಿ ಮುಗಿದಿರುತ್ತಿತ್ತಂತೆ. ಸರೋಜ ತಿದ್ದಿದಳು: ಅರಸೀಕೆರೆ ಅಲ್ಲ, ಬಾಣಸಂದ್ರ. ಪ್ಯಾಸೆಂಜರ್ ಅಲ್ಲ, ಗೂಡ್ಸು. ಲತಾ ಮಾತ್ರ ತಟ್ಟೆ ಒರೆಸುತ್ತಾ, ಅಪ್ಪ ಭಾನುವಾರ ಬೆಳಿಗ್ಗೆ ಸಲೂನಿಗೆ ಹೋಗುತ್ತಿದ್ದದ್ದೇ ತನಗೆ ನೆನಪಿರುವುದು ಎಂದಳು.

"ನೀನು ಚಿಕ್ಕೋಳು ಸುಮ್ನಿರೇ," ಎಂದರು ಅತ್ತೆ.

ಒಂದೇ ಕತೆಯನ್ನು ಮೂವರು ಮೂರು ಥರ ಹೇಳಿದರೆ ಸಾಮಾನ್ಯವಾಗಿ ನಾನು ಮೂವರನ್ನೂ ನಂಬುವುದಿಲ್ಲ. ಅಂಚು ಹೊಲಿದಂತೆ ನೀಟಾಗಿರುವ ನೆನಪುಗಳನ್ನು ಕಂಡರೆ ನನಗೆ ಅನುಮಾನ ಜಾಸ್ತಿ. ಈ ಅಂಕಣ ಓದುವ ನಿಮಗೆ ಅದು ಗೊತ್ತು. ಆದರೆ ಆವತ್ತು ನಂಬಿದೆ. ಯಾಕೆ? ಕತ್ತಿ ನನ್ನ ಕೈಯಲ್ಲಿತ್ತು. ತಣ್ಣಗೆ, ತೂಕವಾಗಿ. ಬಿಚ್ಚಿದರೆ ಕ್ಲಿಕ್ ಅನ್ನುತ್ತಿತ್ತು. ಕ್ಲಿಕ್ ಅನ್ನುವ ವಸ್ತುವಿನ ಎದುರು ಗಂಡಸರ ಬುದ್ಧಿ ಎಲ್ಲಿ ನಿಲ್ಲುತ್ತದೆ?

"ಅಳಿಯಂದ್ರೇ, ನೀವೇ ಇಟ್ಕೊಳ್ಳಿ," ಎಂದರು ಅತ್ತೆ.

ಇಟ್ಟುಕೊಂಡೆ. ಅಲ್ಲೇ ಒಂದು ಶಪಥವನ್ನೂ ಮಾಡಿದೆ, ಮನಸ್ಸಿನಲ್ಲೇ. ವೀಳ್ಯದ ಶಾಸ್ತ್ರದ ದಿನ ಹೆಣ್ಣಿನ ಕಡೆಯಿಂದ ತಟ್ಟೆ ಹಿಡಿದು ಕೂರುವವರು ನಾನು ಮತ್ತು ಸರೋಜ. (ಮಾವ ಇಲ್ಲವಾದ್ದರಿಂದ ಅತ್ತೆ ಹಿಡಿಯುವಂತಿಲ್ಲವಂತೆ. ಹೆತ್ತು ಸಾಕಿದವರು ಹಿಂದೆ ನಿಲ್ಲಬೇಕು, ಟೈಪಿಂಗ್ ಕಲಿಸುವ ಅಳಿಯ ಮುಂದೆ ಕೂರಬೇಕು. ಯಾರು ಮಾಡಿದ ರೂಲ್ಸೋ.) ಮಾವನ ಜಾಗದಲ್ಲಿ, ಮಾವನ ಕತ್ತಿಯಲ್ಲೇ ಗಡ್ಡ ಮಾಡಿಕೊಂಡು ಕೂತರೆ ಎಷ್ಟು ಚೆಂದ! ಇಷ್ಟು ಚೆಂದದ ಯೋಚನೆ ತಲೆಗೆ ಬಂದಾಗಲೇ ನಾನು ಹುಷಾರಾಗಬೇಕಿತ್ತು.

ಟಿವಿಯಲ್ಲಿ ಈಗ ಎರಡು ಬ್ಲೇಡಿನ ರೇಜರ್ ಬರುತ್ತದೆ. ಮೊದಲನೆಯದು ಕೂದಲನ್ನು ಎಳೆಯುತ್ತದಂತೆ, ಎರಡನೆಯದು ಕತ್ತರಿಸುತ್ತದಂತೆ. ನಾಳೆ ಮೂರು ಬರುತ್ತದೆ, ನಾಡಿದ್ದು ಐದು. ಕೆನ್ನೆ ಮಾತ್ರ ಅವೇ ಎರಡು. ಊರೆಲ್ಲ ಕಂಪ್ಯೂಟರ್ ಸೆಂಟರಿನ ಕಡೆ ಓಡುವಾಗ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿಕೊಂಡು ಕೂತವನು ನಾನು. ಎಲ್ಲರೂ ಒಂದರಿಂದ ಎರಡಕ್ಕೆ ಹೋದರೆ ನಾನು ಎರಡರಿಂದ ಒಂದಕ್ಕೆ ಬರುತ್ತೇನೆ. ಅದು ನನ್ನ ಜಾಯಮಾನ.

ಲತಾಳ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ಬರೀ ತಮಾಷೆ ಅನ್ನಿಸುತ್ತದೆ.

ಲತಾಗೆ ಹಿಂದೆ ಬಂದ ಸಂಬಂಧಗಳು ಒಂದೊಂದೂ ಒಂದೊಂದು ಸಣ್ಣ ಕಾರಣಕ್ಕೆ ಮುರಿದಿದ್ದವು. ಮಾತು ಮುಗಿಯುವ ಹೊತ್ತಿಗೆ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು ಅಂತ ಒಬ್ಬರು ಎದ್ದು ಹೋದರು. ಹೊಸಿಲು ದಾಟುವಾಗ ಪಕ್ಕದ ಮನೆಯವರು ಸೀನಿದರು ಅಂತ ಇನ್ನೊಬ್ಬರು ಒಳಗೇ ಬರಲಿಲ್ಲ. ಹಲ್ಲಿಗೆ ಗಂಟಲು, ಮನುಷ್ಯರಿಗೆ ಮೂಗು ಇರುವ ತನಕ ನನಗೆ ಮದುವೆ ಆಗಲ್ಲ ಬಿಡಿ ಭಾವ, ಅಂತ ಅವಳೇ ನಗಾಡುತ್ತಿದ್ದಳು. ನಗು ಒಂದು ಕಡೆ, ಅವಳು ಕೊನೆಕೊನೆಗೆ ಸೀರೆ ಉಟ್ಟು ಕಾಫಿ ತರುವುದಕ್ಕೇ ಒಪ್ಪುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಬಂದವನು ರಂಗಸ್ವಾಮಿ. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಹೆಣ್ಣು ನೋಡಲು ಬಂದವನು ಕೂತಷ್ಟು ಹೊತ್ತೂ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡಿದ. ಆಡಿದ್ದು ಒಂದೇ ಮಾತು. "ಇದರ ಕಂಡೆನ್ಸರ್ ಹೋಗಿದೆ."

ಅವರು ಹೋದ ಮೇಲೆ ಲತಾ ಅಕ್ಕನ ಹತ್ತಿರ ಗೋಳಾಡಿದಳು. ಅವನು ನೋಡಿದ್ದು ತನ್ನನ್ನಲ್ಲ, ಫ್ಯಾನನ್ನು. ಆದರೆ ವಾರದೊಳಗೆ ತಾನೇ ಒಪ್ಪಿದಳು. ಯಾಕಮ್ಮ ಮನಸ್ಸು ಬದಲಾಯಿಸಿದೆ ಅಂದೆ.

"ಕಂಡೆನ್ಸರ್ ಹಾಕ್ಸಿದ್ಮೇಲೆ ಫ್ಯಾನು ಸರಿಯಾಗೇ ತಿರುಗ್ತಿದೆ ಭಾವ," ಎಂದಳು.

ಇದಕ್ಕಿಂತ ಒಳ್ಳೆಯ ಕಾರಣಕ್ಕೆ ಯಾರಾದರೂ ಮದುವೆ ಆಗಿದ್ದಾರಾ? ನಾನಂತೂ ಆಗಿಲ್ಲ.

ಇದ್ದದ್ದು ಒಂದೇ ಹೆದರಿಕೆ. ಹುಡುಗನ ದೊಡ್ಡಮ್ಮ. ಆ ಮನೆಯಲ್ಲಿ ಅವರ ಮಾತೇ ಮಾತು. ಮಂಡಿನೋವು ಅಂತ ಅವರು ಎಲ್ಲಿಗೂ ಹೋಗುವುದಿಲ್ಲ, ಅದಕ್ಕೇ ಶಾಸ್ತ್ರ ನಾವೇ ಅವರ ಮನೆಗೆ ಹೋಗಿ ಮಾಡಬೇಕು ಅಂತಾಗಿತ್ತು. ಶಕುನದ ವಿಷಯದಲ್ಲಿ ಆಕೆ ಭಾರೀ ಕಟ್ಟುನಿಟ್ಟು ಅಂತಲೂ, ಎಣ್ಣೆ ಡಬ್ಬ ಎದುರು ಬಂತು ಅಂತ ಹೊರಟ ದಿಬ್ಬಣವನ್ನೇ ವಾಪಸು ತಿರುಗಿಸಿದ್ದರು ಅಂತಲೂ ಸುದ್ದಿಯಿತ್ತು. ಹಾಗಾಗಿ ಅತ್ತೆ ಎಲ್ಲದರಲ್ಲೂ ಮುಂಜಾಗ್ರತೆ ವಹಿಸಿದರು. ತಾಂಬೂಲದ ಕಾಯಿಗಳನ್ನು ತಮ್ಮ ಹಿತ್ತಲಿನ ಮರದಿಂದಲೇ ಕೆಡವಿಸಿ, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೀರು ನೋಡಿ, ಜುಟ್ಟು ತುಂಬಾ ಬಿಟ್ಟು ಸುಲಿಸಿ, ಐದು ಆರಿಸಿ, ವ್ಯಾನು ಹೊರಡುವುದು ನಮ್ಮ ಮನೆಯಿಂದಲೇ ಅಂತ ಅಲ್ಲಿಗೇ ತಂದು ದೇವರ ಗೂಡಿನ ಕೆಳಗೆ ಇಟ್ಟಿದ್ದರು.

ಅವು ಎಲ್ಲಿವೆ ಅನ್ನುವುದನ್ನು ಮರೆಯಬೇಡಿ. ನಾನು ಮರೆತೆ.

ಕತ್ತಿ ಹಿಡಿಯುವುದು ಹೇಗೆ ಅಂತ ಕೇಳಲು ಮೊದಲು ನಂಜುಂಡಿಯ ಸಲೂನಿಗೆ ಹೋದೆ. ನಂಜುಂಡಿ ಅದನ್ನು ನೋಡಿ ಹಾವು ಕಂಡವನಂತೆ ಹಿಂದೆ ಸರಿದ. ಏಡ್ಸ್ ಕಾಯಿಲೆಯ ಭಯ ಶುರುವಾದಾಗಿನಿಂದ ಅವನ ಅಂಗಡಿಯಲ್ಲಿ ಒಬ್ಬೊಬ್ಬರಿಗೂ ಹೊಸ ಅರ್ಧ ಬ್ಲೇಡು. ಹಳೇ ಕತ್ತಿಗಳನ್ನೆಲ್ಲ ಎಲ್ಲಿ ಹಾಕಿದನೋ ಅವನಿಗೇ ಗೊತ್ತಿಲ್ಲ. ಕಲಿತದ್ದಾದರೂ ಹೇಗೆ ಹೇಳಪ್ಪ ಅಂದೆ.

"ನಮ್ಮ ಚಿಕ್ಕಪ್ಪನ ಕೆನ್ನೆ ಮೇಲೆ ಸಾರ್. ನಿಮಗೆ ಚಿಕ್ಕಪ್ಪ ಇದಾರಾ?"

"ಇದಾರೆ. ಮಾತಾಡಲ್ಲ."

"ಹಂಗಾದ್ರೆ ಬಲೂನ್ ಮೇಲೆ ಮಾಡಿ," ಎಂದು ಅವನು ಪೇಪರ್ ಓದಲು ಕೂತ.

ಬಲೂನು ತಂದೆ. ಊದಿ, ನೊರೆ ಹಚ್ಚಿ, ಉಸಿರು ಬಿಗಿಹಿಡಿದು ಕತ್ತಿ ಇಟ್ಟೆ. ಅಷ್ಟೇ. ನೊರೆ ಕ್ಯಾಲೆಂಡರಿನ ಲಕ್ಷ್ಮಿಯ ಮುಖಕ್ಕೆ, ಸರೋಜಳ ಹುಬ್ಬಿಗೆ, ಒಲೆಯ ಮೇಲಿದ್ದ ಸಾರಿಗೆ.  ಸರೋಜ ಆ ಸಾರನ್ನು ನನಗೇ ಬಡಿಸಿದಳು.

ಕತ್ತಿ ಮಸೆಯಲು ಚರ್ಮದ ಪಟ್ಟಿ ಬೇಕಲ್ಲ? ಟ್ರಂಕಿನಲ್ಲಿ ಅದಿರಲಿಲ್ಲ. ಪ್ಯಾಂಟಿನ ಬೆಲ್ಟನ್ನು ಕಿಟಕಿಯ ಸರಳಿಗೆ ಕಟ್ಟಿ ಅದರ ಮೇಲೆ ಎಳೆದೆ. ಬೆನ್ನಿನ ಕಡೆಯಿಂದ ಎಳೆಯಬೇಕಿತ್ತಂತೆ. ನಾನು ಬಾಯಿಯ ಕಡೆಯಿಂದ ಎಳೆದೆ. ಬೆಲ್ಟು ಎರಡಾಯಿತು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಅಷ್ಟು ಹರಿತ!

ಇನ್ನು ಬೇಕಾದದ್ದು ಒಂದೇ: ಒಡೆಯದ, ಅಳದ, ರಕ್ತ ಬರದ ಒಂದು ಮುಖ.

ಅಡುಗೆಮನೆಯ ಕಾಯಿಗಳನ್ನು ನೋಡಿದೆ. ಅವುಗಳ ಜುಟ್ಟನ್ನು ಆಗಲೇ ಕಿತ್ತಾಗಿತ್ತು. ಗಡ್ಡವೇ ಇಲ್ಲದವರ ಮೇಲೆ ಏನು ಅಭ್ಯಾಸ? ಹುಡುಕುತ್ತಾ ಹುಡುಕುತ್ತಾ ದೇವರ ಗೂಡಿನ ಹತ್ತಿರ ಬಗ್ಗಿದೆ. ಅಲ್ಲಿ ಐದು ಜನ ಕೂತಿದ್ದರು. ಎಂಥಾ ಗಡ್ಡ! ಒಬ್ಬೊಬ್ಬರೂ ಹಿಮಾಲಯದಿಂದ ಇಳಿದು ಬಂದಂತೆ.

ಜುಟ್ಟಿಲ್ಲದ ಕಾಯಿ ಸಾರಿಗೆ, ಜುಟ್ಟಿರುವ ಕಾಯಿ ದೇವರಿಗೆ ಮತ್ತು ತಾಂಬೂಲಕ್ಕೆ. ನಮ್ಮ ಸೀಮೆಯಲ್ಲಿ ಹಾಲುಗಲ್ಲದ ಮಗುವಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಆ ಗಳಿಗೆಯಲ್ಲಿ ಹೊಳೆಯುವುದು ಬೇರೆ. ಅತ್ತೆ ಆ ಐದನ್ನೂ ಆರಿಸಿದ್ದು ಜುಟ್ಟು ಚೆನ್ನಾಗಿದೆ ಅಂತ. ನಾನೂ ಅದೇ ಕಾರಣಕ್ಕೇ ಆರಿಸಿದೆ. ಇಬ್ಬರ ಆಯ್ಕೆಯೂ ಒಂದೇ. ಉದ್ದೇಶ ಮಾತ್ರ ಸ್ವಲ್ಪ ಬೇರೆ.

ಆವತ್ತು ಅತ್ತೆ, ಸರೋಜ, ಲತಾ ಮೂವರೂ ಸೀರೆ ತರಲು ಪೇಟೆಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಆ ಐದು ಜನ.

ನೀವು ಯಾವತ್ತಾದರೂ ಕಾಯಿಯ ಜುಟ್ಟಿನ ಕೆಳಗೆ ಸರಿಯಾಗಿ ನೋಡಿದ್ದೀರಾ? ಅಲ್ಲೊಂದು ಮುಖವಿದೆ. ಎರಡು ಕಣ್ಣು, ಒಂದು ಬಾಯಿ. ಸದಾ ಆಶ್ಚರ್ಯಪಟ್ಟುಕೊಂಡಿರುವ ಮುಖ. ಮೊದಲನೆಯವನ ಜುಟ್ಟು ಹೋಗುತ್ತಲೇ ತಾಲ್ಲೂಕು ಆಫೀಸಿನ ಗುಮಾಸ್ತನೊಬ್ಬ ಹೊರಗೆ ಬಂದ. ಎರಡನೆಯವನು ನಿದ್ದೆಯಲ್ಲಿದ್ದ. ಮೂರನೆಯವನು ನನ್ನ ಚಿಕ್ಕಪ್ಪನಂತಿದ್ದ, ಅವನಿಗೆ ಸ್ವಲ್ಪ ಒರಟಾಗಿಯೇ ಮಾಡಿದೆ. ಐದನೆಯವನ ಹೊತ್ತಿಗೆ ಕೈ ಎಷ್ಟು ಕುದುರಿತ್ತೆಂದರೆ ಶಿಳ್ಳೆ ಹಾಕುತ್ತಿದ್ದೆ. ಮುಗಿದ ಮೇಲೆ ಎಲ್ಲರ ಮುಖಕ್ಕೂ ಪಟಿಕ ಉಜ್ಜಿದೆ. ಒರೆಸಿ, ಇದ್ದಲ್ಲೇ ಇಟ್ಟೆ. ಬೋರಲಾಗಿ ಯಾಕೆ ಇಟ್ಟೆನೋ ಗೊತ್ತಿಲ್ಲ. ನೀರು ಸೋರಲಿ ಅಂತ ಇರಬೇಕು. ಅಡಗಿಸಿಡಲು ಅಂತ ಸರೋಜ ಹೇಳುತ್ತಾಳೆ. ಈ ವಿಷಯದಲ್ಲಿ ನನ್ನ ನೆನಪನ್ನೇ ನಂಬಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಶಾಸ್ತ್ರದ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತೆ. ಮಾವನ ಫೋಟೋಗೆ ಒಂದು ನಮಸ್ಕಾರ ಹಾಕಿದೆ. ಬಲಗೆನ್ನೆಗೆ ಕತ್ತಿ ಇಟ್ಟೆ.

ತೆಂಗಿನ ನಾರು ಎಂದರೇನು ಅಂತ ನನಗೆ ಆಗ ಗೊತ್ತಾಯಿತು. ಹಗ್ಗ ಮಾಡುವ ವಸ್ತು ಅದು. ಎತ್ತು ಎಳೆದರೂ ಹರಿಯುವುದಿಲ್ಲ. ಐದು ಕಾಯಿಯ ನಾರು ಕೊಯ್ದ ಕತ್ತಿ ಬೆಣ್ಣೆಯನ್ನೂ ಕೊಯ್ಯುವಂತಿರಲಿಲ್ಲ. ಬೆಲ್ಟು ಕತ್ತರಿಸಿದ ಆ ಅಲಗು ಈಗ ಗಡ್ಡದ ಒಂದೊಂದು ಕೂದಲನ್ನೂ ಹಿಡಿದು, ಜಗ್ಗಿ, ವಿಚಾರಿಸಿಕೊಂಡು ಮುಂದೆ ಹೋಗುತ್ತಿತ್ತು. ಹರಿತದ ಕತ್ತಿ ಜಾರುತ್ತದೆ. ಮೊಂಡು ಕತ್ತಿ ಒತ್ತಿಸಿಕೊಳ್ಳುತ್ತದೆ. ಒತ್ತಿದೆ.

ಸರೋಜ ಬಂದು ನೋಡಿದಾಗ ಬಲಗೆನ್ನೆಯ ಮೇಲೆ ಮೂರು ಕಡೆ, ಗದ್ದದ ಮೇಲೆ ಒಂದು ಕಡೆ ಕೆಂಪಗಿತ್ತು. ಎಡಗೆನ್ನೆ ಹಾಗೇ ಇತ್ತು. ಅವಳು ಅತ್ತಿತ್ತ ನೋಡದೆ ನನ್ನ ಹಳೇ ರೇಜರ್ ತಂದು ಕೈಗಿಟ್ಟಳು. ಎಡಗೆನ್ನೆ ಎರಡು ನಿಮಿಷದಲ್ಲಿ ಮುಗಿಯಿತು. ಗಾಯಗಳಿಗೆ ಪ್ಲಾಸ್ಟರ್ ಅಂಟಿಸಿಕೊಂಡು, ಬೆಲ್ಟಿಲ್ಲದ ಕಾರಣ ಪಂಚೆಯ ಮೇಲೆ ಹುರಿ ಬಿಗಿದುಕೊಂಡು ವ್ಯಾನು ಹತ್ತಿದೆ. ಅತ್ತೆ ನನ್ನ ಮುಖ ನೋಡಿ ಏನೋ ಹೇಳಲು ಹೋಗಿ ನುಂಗಿಕೊಂಡರು. ಮರ್ಯಾದೆಗೆ ಇರಬೇಕು ಅಂದುಕೊಂಡೆ. ಕಾಯಿಯ ಚೀಲ ಅವರ ಕಾಲ ಬಳಿಯೇ ಇತ್ತು. ದೇವರ ಗೂಡಿನ ಮುಂದೆ ಬೆಳಗಿನ ಕತ್ತಲಲ್ಲಿ ಅವನ್ನು ಚೀಲಕ್ಕೆ ಹಾಕಿದವರೂ ಅವರೇ.

ಕಂದಿಕೆರೆಯ ಮನೆಯಲ್ಲಿ ನಡುಮನೆ ತುಂಬಾ ಜನ. ಚಾಪೆಯ ಆ ಕಡೆ ಅವರು, ಈ ಕಡೆ ನಾವು. ರಂಗಸ್ವಾಮಿ ಬಿಳೀ ಶರ್ಟಿನಲ್ಲಿ ಕೂತು, ಎಂದಿನಂತೆ, ಸೂರು ನೋಡುತ್ತಿದ್ದ. ಲತಾ ತಲೆ ತಗ್ಗಿಸಿದ್ದಳು, ಆದರೆ ಕಣ್ಣು ಅವನ ಕಡೆಗೇ ಇತ್ತು. ರಾಹುಕಾಲ ಬರುವುದರೊಳಗೆ ಮುಗಿಸಬೇಕು ಅಂತ ಪುರೋಹಿತರು ಅವಸರ ಮಾಡಿದರು. ಸರೋಜ ಚೀಲಕ್ಕೆ ಕೈ ಹಾಕಿದಳು.

ಮೊದಲ ಕಾಯಿ ಕೈಗೆ ಬಂತು. ಅವಳ ಕೈ ನಿಂತಿತು. ಎರಡನೆಯದನ್ನು ಮುಟ್ಟಿ ನೋಡಿದಳು. ಮೂರನೆಯದು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

ಆ ನೋಟದ ವರ್ಣನೆ ಬೇಡ. ಮದುವೆಯಾದವರಿಗೆ ಗೊತ್ತು, ಆಗದವರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಅವಳು ಜಾಣೆ. ಕಾಯಿಯ ನೆತ್ತಿಯ ಮೇಲೆ ಎಲೆ ಮುಚ್ಚಿ ತಟ್ಟೆಯಲ್ಲಿಟ್ಟಳು. ನಾನು ತಟ್ಟೆ ಮುಂದೆ ಚಾಚುವಾಗ ಎಲೆ ಜಾರಿತು. ದೊಡ್ಡಮ್ಮ ಕೈ ಚಾಚಿ ಕಾಯಿ ಎತ್ತಿಕೊಂಡರು. ಹೆಬ್ಬೆರಳಿನಲ್ಲಿ ನೆತ್ತಿ ಸವರಿದರು. ಇನ್ನೊಮ್ಮೆ ಸವರಿದರು. ಕಾಯಿ ಎರಡು ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿತ್ತು.

"ಇದ್ಯಾಕಪ್ಪ ಕಾಯಿ ಬೋಳಾಗೈತೆ?"

ಶುಭಕಾರ್ಯದಲ್ಲಿ ಆಡಬಾರದ ಮಾತು. ಆಡಿದವರು ಮನೆಯ ಹಿರಿಯರು.  ಅತ್ತೆ ಗೋಡೆ ಹಿಡಿದುಕೊಂಡರು. ಲತಾಳ ಮುಖ ನೋಡಿದೆ. ಹಲ್ಲಿ, ಸೀನು, ಈಗ ಭಾವ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಇದ್ದಳು, ಇನ್ನು ಏಳಬೇಕು ಅಂತ ಯಾರಾದರೂ ಹೇಳಲಿ ಅನ್ನುವಂತೆ. ನಾನು ಆ ಚಾಪೆಯ ಕೆಳಗೆ ಹೋಗಿ ಮಲಗಿಬಿಡುವುದಕ್ಕೂ ತಯಾರಿದ್ದೆ.

ದೊಡ್ಡಮ್ಮ ಉಳಿದ ಕಾಯಿಗಳನ್ನೂ ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಕೆನ್ನೆಯ ಪ್ಲಾಸ್ಟರುಗಳನ್ನು ಒಂದೊಂದಾಗಿ ನೋಡಿದರು. ಮತ್ತೆ ಕಾಯಿ. ಮತ್ತೆ ನಾನು.

"ಇಬ್ರಿಗೂ ಒಬ್ನೇ ಮಾಡ್ದನಾ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ದೊಡ್ಡಮ್ಮ ಮಾತ್ರ ನಗಲಿಲ್ಲ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ: ಕತ್ತಿ, ಬಲೂನು, ಅಭ್ಯಾಸ. ಹೇಳುತ್ತಾ ಹೋದಂತೆ ನನಗೇ ನಂಬಿಕೆ ಬರಲಿಲ್ಲ. ತಪ್ಪೆಲ್ಲ ನನ್ನದು, ಹುಡುಗಿಯದೇನೂ ಇಲ್ಲ ಅಂದೆ. ಅದೇನೋ ಸರಿ, ಆದರೆ ಬೋಳು ಕಾಯಲ್ಲಿ ತಾಂಬೂಲ ಹೆಂಗೆ ತಗೊಳ್ಳೋದು ಅಂದರು ದೊಡ್ಡಮ್ಮ.

ಹಾಗಾದರೆ ಅಂಗಡಿಯಿಂದ ತರೋಣ ಅಂದಳು ಸರೋಜ. ಅಂಗಡಿಯವನು ಅಲ್ಲೇ ಕೂತಿದ್ದ. ಅವನು ಸಂಕೋಚದಿಂದ ತಲೆ ಕೆರೆದುಕೊಂಡ. ಅವನ ಅಂಗಡಿಯಲ್ಲಿ ಎಲ್ಲ ಇದೆ, ಕಾಯಿ ಇಲ್ಲ. ಈ ಊರಲ್ಲಿ ಕಾಯಿಯನ್ನು ಅಂಗಡಿಯಲ್ಲಿ ಕೊಳ್ಳುವವರು ಯಾರು?

ಹೋಗಲಿ, ಆ ಮನೆಯ ಅಟ್ಟದ ತುಂಬಾ ಕಾಯಿ. ನಮ್ಮ ತಲೆಯ ಮೇಲೇ, ಹಲಗೆಯ ಸಂದಿನಿಂದ ಕಾಣುವಷ್ಟು. ಆದರೆ ಅವೆಲ್ಲ ಕೊಬ್ಬರಿಗೆ ಅಂತ ಹಾಕಿದವು. ತಿಂಗಳುಗಟ್ಟಲೆ ಮಲಗಿ ನೀರು ಇಂಗಿದವು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆ. ನೀರಿಲ್ಲದ ಕಾಯಿ ತಾಂಬೂಲಕ್ಕೆ ಬೋಳು ಕಾಯಿಗಿಂತ ಕಡೆ. ತೆಂಗಿನ ಸೀಮೆಯ ನಟ್ಟನಡುವೆ, ಕಾಯಿಯ ರಾಶಿಯ ಕೆಳಗೆ ಕೂತು, ನಾವು ಇಪ್ಪತ್ತು ಮೂವತ್ತು ಜನ ಒಂದು ಕಾಯಿಗೆ ಗತಿಯಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಪುರೋಹಿತರು ಗಡಿಯಾರ ನೋಡಿದರು. ಕಾಯಿ ಕೀಳುವ ಆಳಿಗೆ ಹೇಳಿ ಕಳಿಸೋಣ ಅಂದರು ಯಾರೋ. ಅವನು ಚಿಕ್ಕನಾಯಕನಹಳ್ಳಿಗೆ ಹೋಗಿದ್ದಾನೆ ಅಂದರು ಇನ್ಯಾರೋ. ಇನ್ನೊಂದು ದಿನ ನೋಡಿದರಾಯಿತು ಅನ್ನುವ ಮಾತು ಆ ಕಡೆಯ ಚಾಪೆಯಲ್ಲಿ ಸಣ್ಣಗೆ ಓಡಾಡತೊಡಗಿತು. ಇನ್ನೊಂದು ದಿನ ಎಂದರೇನು ಅಂತ ಲತಾಗೆ ಗೊತ್ತು. ಆ ದಿನ ಯಾವತ್ತೂ ಬಂದಿಲ್ಲ.

ಆಗ ರಂಗಸ್ವಾಮಿ ಎದ್ದ. ಬಾಗಿಲ ಹತ್ತಿರ ಹೋದ. ಮತ್ತೆ ಮೇಲಕ್ಕೆ ನೋಡಿದ. ಈ ಸಲ ಫ್ಯಾನೂ ಅಲ್ಲ, ಸೂರೂ ಅಲ್ಲ. ಅಂಗಳದ ತೆಂಗಿನ ಮರ.

ಕೈಗಡಿಯಾರ ಬಿಚ್ಚಿದ. ಯಾರ ಕೈಗೆ ಕೊಡುವುದು ಅಂತ ಅತ್ತಿತ್ತ ನೋಡಿ, ಇಡೀ ನಡುಮನೆಯನ್ನು ದಾಟಿ ಬಂದು ಲತಾಳ ಮುಂದೆ ಹಿಡಿದ.

"ಇದೊಂಚೂರು ಹಿಡ್ಕೊಳ್ಳಿ."

ಅವನು ಅವಳೊಂದಿಗೆ ಆಡಿದ ಮೊದಲ ಮಾತು. ಕಂಡೆನ್ಸರಿನ ವಿಷಯವಲ್ಲದ ಮೊದಲ ಮಾತೂ ಹೌದು.

ಬಿಳೀ ಶರ್ಟು ಬಿಚ್ಚಿ ಜಗುಲಿಯ ಮೇಲಿಟ್ಟು, ಜರಿಪಂಚೆಯನ್ನು ಎತ್ತಿಕಟ್ಟಿ, ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಸರಸರ ಹತ್ತಿದ. ಕರೆಂಟ್ ಕಂಬ ಹತ್ತುವವನಿಗೆ ಅದೇನು ದೊಡ್ಡದಲ್ಲ. ಆದರೆ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಪುರೋಹಿತರು ಎಲ್ಲರೂ ಅಂಗಳದಲ್ಲಿ ಕತ್ತು ಎತ್ತಿ ನಿಂತ ಆ ದೃಶ್ಯ ಇದೆಯಲ್ಲ, ಅದನ್ನು ನಾನು ಚೂರೂ ಬಣ್ಣ ಹಚ್ಚದೆ ಹೇಳುತ್ತಿದ್ದೇನೆ. (ಪಂಚೆಯ ಜರಿ ಬಿಟ್ಟು. ಅದು ಸರೋಜ ಹೇಳಿದ್ದು.)

ಅಷ್ಟು ಎತ್ತರದಿಂದ ಅವನು ಕೂಗಿ ಕೇಳಿದ, ಎಷ್ಟು ಬೇಕು ಅಂತ.

ಹಿರಿಯರು ಯಾರೂ ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಉತ್ತರ ಹೋಯಿತು. "ಐದು ಸಾಕು. ಹುಷಾರು ಕಣ್ರೀ."

ಎಲ್ಲರೂ ತಿರುಗಿದರು. ಲತಾ ಗಡಿಯಾರವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ತಾನು ಗಟ್ಟಿಯಾಗಿ ಮಾತಾಡಿದ್ದು ಅವಳಿಗೇ ಆಗ ಗೊತ್ತಾದಂತಿತ್ತು.

ಐದು ಕಾಯಿ ದೊಪದೊಪ ಬಿದ್ದವು. ಅವನೇ ಇಳಿದು, ಅಂಗಳದಲ್ಲಿ ನೆಟ್ಟಿದ್ದ ಸಲಾಕೆಗೆ ಕುಕ್ಕಿ ಸುಲಿದ. ಜುಟ್ಟು ತುಂಬಾ ಬಿಟ್ಟು. ಅಷ್ಟರಲ್ಲಿ ಅವರ ಕಡೆಯ ಒಬ್ಬರು ಹೊಸ ತಕರಾರು ತೆಗೆದರು. 'ಹೆಣ್ಣಿನ ಕಡೆಯವರು ಕೊಡುವ ಕಾಯಿ ಹೆಣ್ಣಿನ ಮನೆಯದಾಗಿರಬೇಕಲ್ಲವೇ? ನಮ್ಮ ಮರದ ಕಾಯಿಯನ್ನೇ ನಮಗೆ ಕೊಟ್ಟರೆ ಹೇಗೆ?'

ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಲತಾಳನ್ನು ನೋಡಿದರು. ಅವಳ ಕೈಯಲ್ಲಿದ್ದ ಗಡಿಯಾರವನ್ನೂ ನೋಡಿದರು.

"ಕಿತ್ತೋನು ನಮ್ಮೋನು. ಇಷ್ಟೇ ಸಾಕು ಅಂದೋಳು ಅವರೋಳು. ಅವರ ಕಾಯೇ ಬುಡು."

ಮಂಡಿ ಹಿಡಿದುಕೊಂಡು ಕೂತರು. ತಾಂಬೂಲ ಬದಲಾಯಿತು. ಎಣ್ಣೆ ಡಬ್ಬಕ್ಕೆ ದಿಬ್ಬಣ ತಿರುಗಿಸಿದ್ದು ನಿಜವಾ ಅಂತ ಊಟದ ಹೊತ್ತಿಗೆ ಅವರನ್ನೇ ಕೇಳಿದೆ. ದಿಬ್ಬಣ ತಿರುಗಿಸಿದ್ದು ನಿಜವಂತೆ. ಆದರೆ ಎಣ್ಣೆ ಡಬ್ಬಕ್ಕಲ್ಲ, ವರನೇ ಬಸ್ಸು ಹತ್ತದೆ ಊರಲ್ಲಿ ಉಳಿದುಬಿಟ್ಟಿದ್ದನಂತೆ. ನೋಡಿ, ಎಂಥೆಂಥ ಕತೆಗಳಿಗೆ ನಾವು ಹೆದರಿಕೊಂಡು ಬದುಕುತ್ತೇವೆ. ಆ ಐದು ಬೋಳು ಕಾಯಿಗಳೂ ಆವತ್ತಿನ ಅಡುಗೆಗೇ ಹೋದವು. ಹೋಳಿಗೆಗೆ ಹಾಕಿದ ಕಾಯಿಹಾಲು ಬಹಳ ಚೆನ್ನಾಗಿತ್ತು. ಜುಟ್ಟಿನ ರುಚಿ ಕಮ್ಮಿ ಆಯಿತು ಅಂತ ಯಾರೂ ಹೇಳಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಎಲ್ಲರೂ ಹಗುರವಾಗಿದ್ದರು. ಲತಾ ಕಿಟಕಿಯ ಹೊರಗೆ ಕರೆಂಟ್ ಕಂಬಗಳನ್ನು ನೋಡುತ್ತಿದ್ದಳು. ನಾನು ಧೈರ್ಯ ಮಾಡಿ ಅತ್ತೆಗೆ ಹೇಳಿದೆ, ಮಾವನ ಕೈ ಎಷ್ಟು ಪಳಗಿತ್ತೋ ಏನೋ, ನನಗಂತೂ ಆ ಕತ್ತಿ ಒಲಿಯಲಿಲ್ಲ ಅಂತ.

 ಅತ್ತೆ ಬೆಳಿಗ್ಗೆ ನುಂಗಿಕೊಂಡದ್ದು ಈಗ ಹೊರಗೆ ಬಂತು.

"ಅಯ್ಯೋ ಅಳಿಯಂದ್ರೇ, ನೀವು ನಿಜವಾಗ್ಲೂ ಮುಖಕ್ಕೇ ಇಟ್ಕೋತೀರಿ ಅಂತ ನಂಗೇನ್ ಗೊತ್ತು. ಅವರು ಅದ್ರಲ್ಲಿ ಕಾಲಿನ ಆಣಿ ಕೆತ್ಕೋತಿದ್ರು."

ಕಾಲಿನ ಆಣಿ.

 ಹಾಗಾದರೆ ರೈಲು? ಅರಸೀಕೆರೆ? ಕನ್ನಡಿಯಿಲ್ಲದೆ ನುಣ್ಣಗಾದ ಕೆನ್ನೆ? ಅದೂ ನಿಜವೇ ಅಂದರು ಅತ್ತೆ. ರೈಲು ಓಡುವಾಗಲೇ ಕೆತ್ತಿಕೊಳ್ಳುತ್ತಿದ್ದರಂತೆ. ಕಾಲು ನೋಡಿಕೊಳ್ಳಲು ಕನ್ನಡಿ ಯಾಕೆ ಬೇಕು? ಗಡ್ಡಕ್ಕೆ ಭಾನುವಾರ ಸಲೂನು. ಎರಡೂ ಸೇರಿ ಯಾವಾಗ ಒಂದಾಯಿತೋ ಅವರಿಗೂ ಗೊತ್ತಿಲ್ಲ, ಹೇಳುತ್ತಾ ಹೇಳುತ್ತಾ ಆಗಿಹೋಗಿದೆ. ಲತಾ ಕಿಟಕಿಯ ಕಡೆಯೇ ಮುಖ ಮಾಡಿದ್ದಳು, ಆದರೆ ಅವಳ ಭುಜ ಕುಲುಕುತ್ತಿತ್ತು.

ಮನೆಗೆ ಬಂದವನು ಸೋಪಿನಿಂದ ಮುಖ ತೊಳೆದೆ. ಎಷ್ಟು ಸಲ ಅಂತ ಕೇಳಬೇಡಿ.

ಈಗ ಪ್ಲಾಸ್ಟರ್ ಹೋಗಿವೆ. ಮುಂದಿನ ತಿಂಗಳು ಮದುವೆ. ಕತ್ತಿಯನ್ನು ಅತ್ತೆ ವಾಪಸು ತೆಗೆದುಕೊಂಡು, ಸಾಣೆ ಹಿಡಿಸಿ, ಅರಿಶಿನದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಹೊಸ ಅಳಿಯನಿಗೆ ಮಾವನ ನೆನಪಿಗೆ ಏನಾದರೂ ಕೊಡಬೇಕಲ್ಲ? ಮೊನ್ನೆ ರಂಗಸ್ವಾಮಿ ಮನೆಗೆ ಬಂದಾಗ ಅದನ್ನು ಬಿಚ್ಚಿ ತೋರಿಸಿದರು. ಓಡುವ ರೈಲು, ಕನ್ನಡಿ ಇಲ್ಲ, ಅರಸೀಕೆರೆ, ತಿಪಟೂರು. ಆಣಿ ಮತ್ತೆ ಕತೆಯಿಂದ ಬಿದ್ದುಹೋಗಿತ್ತು. ರಂಗಸ್ವಾಮಿ ಮೊದಲ ಬಾರಿಗೆ ಮೇಲೆ ನೋಡುವುದನ್ನು ಬಿಟ್ಟು ಕೆಳಗೆ, ಕೈಯಲ್ಲಿದ್ದ ಕತ್ತಿಯನ್ನೇ ನೋಡಿದ. ಕ್ಲಿಕ್ ಅನ್ನಿಸಿದ. ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು.

ಸರೋಜ ನನ್ನ ಕಾಲು ತುಳಿದಳು. ಲತಾ ನನ್ನನ್ನೇ ನೋಡಿದಳು. ನಾನು ಕೆನ್ನೆ ಸವರಿಕೊಂಡೆ. ಮನೆಯಲ್ಲಿ ಯಾರೂ ಅವನಿಗೆ ಹೇಳುವ ಹಾಗಿಲ್ಲ ಅಂತ ತೀರ್ಮಾನವಾಗಿದೆ, ನಾನೂ ಮಾತು ಕೊಟ್ಟಿದ್ದೇನೆ.

ಅಂದಹಾಗೆ, ನಮ್ಮ ಈ ಪತ್ರಿಕೆ ಕಂದಿಕೆರೆಗೂ ಹೋಗುತ್ತೆ ತಾನೆ?